ಎಡಗೊಂಬು

ಅರ್ಮಾಂ ಹೊಡೆಯುವ ಮೊದಲು ಕೈಗಡಿಯಾರ ಬಿಚ್ಚಿಡುತ್ತಿದ್ದ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಈ ಕ್ರಮ ಒಮ್ಮೆಯೂ ತಪ್ಪಿರಲಿಲ್ಲ. ಮೊದಲು ಚರ್ಮದ ಪಟ್ಟಿಯ ತುದಿಯನ್ನು ಕುಣಿಕೆಯಿಂದ ಎಳೆಯುವುದು, ಆಮೇಲೆ ಬಕಲ್ಲಿನ ಮುಳ್ಳನ್ನು ತೂತಿನಿಂದ ಬಿಡಿಸುವುದು, ಕೊನೆಗೆ ಬ್ರೆಡ್ಡಿನ ಡಬ್ಬಿಯ ಪಕ್ಕದಲ್ಲಿ ಮಡಿಸಿಟ್ಟ ಕರವಸ್ತ್ರದ ಮೇಲೆ ಅದನ್ನು ಮುಖ ಮೇಲಾಗಿ ಮಲಗಿಸುವುದು. ಇಷ್ಟಕ್ಕೆ ನಾಲ್ಕು ಸೆಕೆಂಡು ಬೇಕಾಗುತ್ತಿತ್ತು. ಅವನ ಹೆಂಡತಿ ಸೊಲಾಂಜ್ ಆ ನಾಲ್ಕು ಸೆಕೆಂಡಿನಲ್ಲಿ ಎಷ್ಟೋ ಕೆಲಸ ಮಾಡುವುದನ್ನು ಕಲಿತಿದ್ದಳು. ಒಲೆ ಆರಿಸುವುದು, ಚಾಕುವನ್ನು ಖಾನೆಗೆ ತಳ್ಳುವುದು, ಎಲ್ಲಕ್ಕಿಂತ ಮೊದಲು ಮಗಳನ್ನು ಅಡುಗೆಮನೆಯಿಂದ ಆಚೆ ಕಳಿಸುವುದು.

ಹೊರಗಿನವರಿಗೆ ಅರ್ಮಾಂ ಚಿನ್ನದಂಥ ಮನುಷ್ಯ. ಲಾ ಶೋ-ದ-ಫೋನ್ ಊರಿನ ಕೊರ್ಬಾಲ್ ಗಡಿಯಾರದ ಕಾರ್ಖಾನೆಯಲ್ಲಿ ಮೂವತ್ತೊಂಬತ್ತು ವರ್ಷದಿಂದ ಕೇಸು, ಅಂದರೆ ಗಡಿಯಾರದ ಹೊರಕವಚ, ಪಾಲಿಶ್ ಮಾಡುತ್ತಿದ್ದ. ಹಿಮ ಬಿದ್ದ ಬೆಳಿಗ್ಗೆ ಪಕ್ಕದ ಮನೆಯ ಮೆಟ್ಟಿಲಿನದನ್ನೂ ಸಲಿಕೆಯಿಂದ ಎತ್ತಿಹಾಕುವವನು. ಅವನಪ್ಪ ಅಲ್ಸೀದನದೂ ಅದೇ ಕಾರ್ಖಾನೆ, ಅದೇ ಕೆಲಸ. ತಂದೆ ಮಗ ಇಬ್ಬರೂ ಎಡಚರು. ಶಾಲೆಯಲ್ಲಿ ಮಾಸ್ತರು ಬೆರಳಿಗೆ ಬಾರಿಸಿ ಬಲಗೈಯಲ್ಲಿ ಬರೆಯಲು ಕಲಿಸಿದ್ದರಿಂದ ಗಡಿಯಾರವನ್ನು ಎಲ್ಲರ ಹಾಗೆ ಎಡಗೈಗೇ ಕಟ್ಟುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಹುಟ್ಟಿನ ಕೈ ಹೊರಗೆ ಬರುತ್ತಿತ್ತು.

ಸೊಲಾಂಜ್‌ಗೆ ಬದುಕಿನಲ್ಲಿ ಇದ್ದದ್ದು ಒಂದೇ ಹಟ. ಮಗಳು ಕೊರಾಲಿ ಮೂರು ವರ್ಷದವಳಿದ್ದಾಗ ಹಾಲು ಚೆಲ್ಲಿದ್ದಕ್ಕೆ ಅರ್ಮಾಂ ಕೈ ಎತ್ತಿದ್ದ. ಸೊಲಾಂಜ್ ನಡುವೆ ನಿಂತು, "ನನ್ನನ್ನ ಏನು ಬೇಕಾದ್ರೂ ಮಾಡ್ಕೊ. ಮಗು ಮೇಲೆ ಒಂದು ಏಟು ಬಿತ್ತೋ, ಅವತ್ತೇ ನಾನಿಲ್ಲ" ಅಂದಿದ್ದಳು. ಅವನು ಆ ಮಾತು ಉಳಿಸಿಕೊಂಡಿದ್ದ. ಮಗಳ ಪಾಲಿನದೂ ತನಗೇ ಬರುತ್ತಿದೆ ಅಂತ ಅವಳಿಗೆ ಗೊತ್ತಿತ್ತು, ಅದಕ್ಕೆ ಅವಳು ಒಪ್ಪಿಕೊಂಡಿದ್ದಳು. ಇದನ್ನು ಒಪ್ಪಂದ ಅನ್ನಬೇಕೋ ಮೂರ್ಖತನ ಅನ್ನಬೇಕೋ ನನಗೆ ತಿಳಿಯದು. ಅವಳು ಇಪ್ಪತ್ತೆರಡು ವರ್ಷ ನಿಂತದ್ದಂತೂ ಅದರ ಮೇಲೆಯೇ.

ಆಗಸ್ಟ್ ಕೊನೆಯ ಮಂಗಳವಾರ ಸಂಜೆ ಕೊರಾಲಿ ಕೆಲಸದಿಂದ ಬಂದವಳೇ ಊಟದ ಮೇಜಿನ ಮೇಲೆ ಹೊಸ ಗಡಿಯಾರದ ಮಾದರಿಯಿದ್ದ ಒಂದು ಪುಟ್ಟ ಪೆಟ್ಟಿಗೆ ಇಟ್ಟಳು. ಅವಳೂ ಕೊರ್ಬಾಲ್‌ನವಳೇ, ಅಳತೆ ನೋಡುವ ವಿಭಾಗ. ಓದು ಮುಗಿಸಿ ಎಂಟು ತಿಂಗಳ ಹಿಂದೆ ಮನೆಗೆ ವಾಪಸು ಬಂದಿದ್ದಳು. ಬಾಣಲೆಯಲ್ಲಿ ತುರಿದ ಆಲೂಗಡ್ಡೆಯ ರೋಸ್ಟಿ ಕೆಂಪಗಾಗುತ್ತಿತ್ತು. ಅಜ್ಜಿ ಜೆರ್ಮೇನ್, ಅರ್ಮಾಂನ ತಾಯಿ, ಎಂಬತ್ತೆರಡರ ಮುದುಕಿ, ಹಾಲುಕಾಫಿಯಲ್ಲಿ ಬ್ರೆಡ್ಡು ಅದ್ದುತ್ತಿದ್ದಳು.

"ಅಪ್ಪ, ನಿನ್ನದು ಬಿಚ್ಚಿಕೊಡು. ಹಳೇದು ಹೊಸದು ಎರಡನ್ನೂ ಪಕ್ಕಪಕ್ಕ ಇಡೋಣ."

ಚಳಿಗಾಲದಲ್ಲಿ ಈ ಊರಿನ ಉದ್ದುದ್ದ ಬೀದಿಗಳಲ್ಲಿ ಮೂಗು ಕೊಯ್ಯುವ ಗಾಳಿಗೆ ಬೀಸ್ ಎಂದು ಹೆಸರು. ಕೊರ್ಬಾಲ್‌ನ ಚಿನ್ನದ ಗಡಿಯಾರಕ್ಕೂ ಅದೇ ಹೆಸರು. ಅರವತ್ತು ವರ್ಷದ ಹಿಂದೆ ಇನ್ನೂರು ಮಾಡಿ ನಿಲ್ಲಿಸಿದ್ದರು. ಅದನ್ನೇ ಈಗ ಮತ್ತೆ ತರುತ್ತಿದ್ದರು. ಹಳೆಯ ನಕ್ಷೆಗಳನ್ನು ವ್ಯಾಪಾರ ಬಿದ್ದ ಕೆಟ್ಟ ಕಾಲದಲ್ಲಿ ಯಾರೋ ಕಸದ ಲಾರಿಗೆ ತುಂಬಿದ್ದರಿಂದ, ಅರ್ಮಾಂ ಹೋದ ಚಳಿಗಾಲದಲ್ಲಿ ಅಪ್ಪನಿಂದ ಬಂದ ತನ್ನ ಬೀಸನ್ನು ಒಂದು ತಿಂಗಳು ಕಾರ್ಖಾನೆಗೆ ಕೊಟ್ಟಿದ್ದ. ಹೊಸದರ ಆಕಾರವೆಲ್ಲ ಅದರಿಂದಲೇ ತೆಗೆದದ್ದು. ಊರಿನಲ್ಲಿ ಅವನು ಎದೆಯುಬ್ಬಿಸಿ ಓಡಾಡುತ್ತಿದ್ದುದು ಅದಕ್ಕೇ.

"ಹಳೇದು ಮೂವತ್ತೈದು ಮಿಲಿಮೀಟರು, ಹೊಸದು ಮೂವತ್ತೆಂಟು," ಕೊರಾಲಿ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. "ಹಳೇದರ ಗಾಜು ಪ್ಲಾಸ್ಟಿಕ್ಕು, ಉಗುರು ತಾಗಿದ್ರೂ ಗೀರು. ಹೊಸದಕ್ಕೆ ಏನು ಉಜ್ಜಿದ್ರೂ ಆಗಲ್ಲ. ಹಳೇದಕ್ಕೆ ದಿನಾ ಕೀ ಕೊಡಬೇಕು. ಹೊಸದು ಕೈ ಆಡ್ತಿದ್ರೆ ತಾನೇ ಕೊಟ್ಕೊಳ್ಳತ್ತೆ."

"ಅಂಕಿ ಯಾಕೆ ಹಳದಿ?" ಅಜ್ಜಿ ಬಗ್ಗಿ ನೋಡಿದಳು. ಅವಳೂ ಒಂದು ಕಾಲಕ್ಕೆ ಅದೇ ಕಾರ್ಖಾನೆಯಲ್ಲಿ ಗಡಿಯಾರಗಳಿಗೆ ಮುಳ್ಳು ಕೂರಿಸುತ್ತಿದ್ದವಳು.

"ಹಳೇದರ ಅಂಕಿ ಹಾಗೇ ಇದೆಯಲ್ಲಜ್ಜಿ. ಬೇಕೂಂತಲೇ ಆ ಬಣ್ಣ ಹಚ್ಚಿದಾರೆ."

"ಇದು ಹುಟ್ಟಿದಾಗ ಹಾಲಿನ ಹಾಗೆ ಬೆಳ್ಳಗಿತ್ತು ಕಣೆ. ಈಗ ಹುಟ್ಟೋ ಕೂಸಿಗೂ ಮುದುಕಿ ಹಲ್ಲು ಕಟ್ಟಿಸಿ ಕಳಿಸ್ತೀರಲ್ಲ, ಅದಕ್ಕೊಂದು ಬೆಲೆ ಬೇರೆ."

ಅರ್ಮಾಂ ಕೂಡ ನಕ್ಕ. ಒಳ್ಳೆಯ ಸಂಜೆ ಅಂತ ಸೊಲಾಂಜ್ ರೋಸ್ಟಿಯನ್ನು ತಟ್ಟೆಗೆ ಮಗುಚಿದಳು.

"ಅಮ್ಮ, ಇಲ್ಲಿ ನೋಡು, ನನಗೆ ತುಂಬ ಇಷ್ಟವಾದದ್ದು ಇದು." ಕೊರಾಲಿ ಹೊಸದರ ಪಟ್ಟಿಯನ್ನು ಕೈಗೆ ಹಾಕಿಕೊಂಡು ತೋರಿಸಿದಳು. "ಬಕಲ್ಲು ಮುಳ್ಳು ಏನೂ ಇಲ್ಲ. ಮಡಿಚೋ ಕೊಕ್ಕೆ. ಒಂದು ಸಲ ಒತ್ತಿದ್ರೆ ಟಕ್ ಅಂತ ಬಿಚ್ಚತ್ತೆ. ಅರ್ಧ ಸೆಕೆಂಡು."

ಟಕ್ ಎಂದಿತು. ಅರ್ಮಾಂನ ನಲವತ್ತನೇ ವರ್ಷದ ಸೇವೆಗೆ ಹೊಸ ಬೀಸ್‌ನ ಒಂದನೇ ನಂಬರು ಕೊಡುತ್ತಾರೆಂದು ಆಗಲೇ ಮಾತಾಗಿತ್ತು. ಅರ್ಧ ಸೆಕೆಂಡಿನಲ್ಲಿ ತಾನು ಏನು ಮಾಡಬಲ್ಲೆ ಎಂದು ಸೊಲಾಂಜ್ ಲೆಕ್ಕ ಹಾಕಿದಳು. ಏನೂ ಮಾಡಲಾಗುತ್ತಿರಲಿಲ್ಲ.

"ಒಂದು ವಿಷಯ ಮಾತ್ರ ನನಗೆ ಅರ್ಥವಾಗ್ತಿಲ್ಲ," ಕೊರಾಲಿ ಜೇಬಿನಿಂದ ಅಳತೆಯ ಕ್ಯಾಲಿಪರ್ ತೆಗೆದಳು. ಪಟ್ಟಿಯನ್ನು ಹಿಡಿಯುವ ನಾಲ್ಕು ಚಾಚುಗಳಿಗೆ ಇವರು ಕೊಂಬು ಅನ್ನುತ್ತಾರೆ. "ಹಳೇದರಲ್ಲಿ ಕೆಳಗಿನ ಎಡಗೊಂಬು ಮಾತ್ರ ಸಣ್ಣ. ಮಿಕ್ಕ ಮೂರಕ್ಕಿಂತ ಅರ್ಧ ಮಿಲಿಮೀಟರು ಕಮ್ಮಿ, ಸ್ವಲ್ಪ ಓರೆ ಬೇರೆ. ಹೊಸದಕ್ಕೂ ಅದನ್ನೇ ಇಳಿಸಿದಾರೆ. ನಮ್ಮ ವಿನ್ಯಾಸದ ಫ್ಲೋರಿಯಾಂ ಕೇಳಿದ್ರೆ, ಅದೇ ಈ ಗಡಿಯಾರದ ಜೀವ, ಗಾಳಿಗೆ ಬಾಗಿದ ಹಾಗಿದೆ ಅಂತಾನೆ. ನನಗೆ ಅನ್ಸೋದು ಯಾರೋ ಅರ ಹಾಕಿ ತೀಡಿದಾರೆ. ನೀನು ಪಾಲಿಶಿನವನು, ಹೇಳಪ್ಪ."

ಅಜ್ಜಿಯ ಬ್ರೆಡ್ಡು ಕಾಫಿಯೊಳಗೆ ಬಿದ್ದಿತು.

"ಆ ಕೇಸು ಯಾವತ್ತೂ ಪಾಲಿಶ್ ಕಂಡಿಲ್ಲ. ಕಾರ್ಖಾನೆಗೆ ಬರೆದುಕೊಟ್ಟು ಸಹಿ ಹಾಕಿದೀನಿ," ಅಂದ ಅರ್ಮಾಂ.

"ಸಹಿ ಹಾಕಿದ್ದು ನನಗೂ ಗೊತ್ತು. ಆದ್ರೆ ಕಣ್ಣಿಗೆ ಕಾಣ್ತಿದೆಯಲ್ಲ."

"ನಿನ್ನೆ ಮೊನ್ನೆ ಬಂದವಳು ನನಗೆ ಕಣ್ಣು ಹೇಳಿಕೊಡ್ತೀಯ?"

ಅವನು ಹಳೆಯದನ್ನು ಕೈಗೆ ಕಟ್ಟಿಕೊಂಡ. ಆಮೇಲೆ ಪಟ್ಟಿಯ ತುದಿಯನ್ನು ಕುಣಿಕೆಯಿಂದ ಎಳೆದ.

"ಕೊರಾಲಿ, ಕೆಳಗೆ ಹೋಗಿ ಒಣಗಿದ ಬಟ್ಟೆ ತಗೊಂಡು ಬಾ," ಸೊಲಾಂಜ್ ಮಗಳ ತೋಳು ಹಿಡಿದು ಎಬ್ಬಿಸಿದಳು.

"ಈಗಲಾ?"

"ಈಗಲೇ. ಬುಟ್ಟಿ ತಗೊ."

ಬಾಗಿಲು ಮುಚ್ಚಿದ ಮೇಲೆ ಮೊದಲ ಏಟು ಕಿವಿಯ ಮೇಲೆ ಬಿತ್ತು. ಎರಡನೆಯದು ಪಕ್ಕೆಗೆ, ಮುಷ್ಟಿ ಕಟ್ಟಿದ್ದು. ಸೊಲಾಂಜ್ ಮೇಜಿನ ಅಂಚಿಗೆ ಬಿದ್ದು, ಸದ್ದಾಗದ ಹಾಗೆ ಮಂಡಿಯೂರಿ ಕುಳಿತಳು. "ಹೆತ್ತಿದ್ದೀಯಲ್ಲ, ನಾಲಿಗೆ ಇಟ್ಕೊಂಡು ಹುಟ್ಟಿದೆ" ಎನ್ನುತ್ತ ಅವನು ಕೂದಲು ಹಿಡಿದು ತಲೆಯನ್ನು ಬೀರುವಿಗೆ ಎರಡು ಸಲ ಗುದ್ದಿದ. ಅತ್ತೆ ಜೆರ್ಮೇನ್ ತಟ್ಟೆಯ ಮೇಲಿನ ಕಣ್ಣು ಎತ್ತಲಿಲ್ಲ, ಆದರೆ ಕೈಯಲ್ಲಿದ್ದ ಚಮಚ ಬಟ್ಟಲಿಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು.

ಕೊರಾಲಿ ಮೇಲೆ ಬಂದಾಗ ಎಲ್ಲರೂ ಊಟಕ್ಕೆ ಕುಳಿತಿದ್ದರು. ಬುಟ್ಟಿ ಖಾಲಿ ಇತ್ತು.

ಮರುದಿನ ಬೆಳಿಗ್ಗೆ ಅರ್ಮಾಂ ಹೊರಟ ಮೇಲೆ ಅವಳು ಅಡುಗೆಮನೆಗೆ ಬಂದಳು. ಸೊಲಾಂಜ್ ವೃದ್ಧಾಶ್ರಮದ ಅಡುಗೆ ಕೆಲಸಕ್ಕೆ ಹೊರಡುವವಳು, ಒಂದು ಕೈಯಲ್ಲಿ ಪಕ್ಕೆ ಒತ್ತಿ ಹಿಡಿದು ಬೂಟಿನ ದಾರ ಕಟ್ಟಲು ಒದ್ದಾಡುತ್ತಿದ್ದಳು. ಕೊರಾಲಿ ಬಗ್ಗಿ ದಾರ ಕಟ್ಟಿಕೊಟ್ಟಳು.

"ಅಮ್ಮ, ಬಟ್ಟೆ ಒಗೆಯೋ ಕೋಣೆಯಲ್ಲಿ ನಮ್ಮ ಸರದಿ ಗುರುವಾರ. ನಿನ್ನೆ ಮಂಗಳವಾರ. ಹಗ್ಗದ ಮೇಲೆ ಇದ್ದದ್ದು ಮೂರನೇ ಮಹಡಿಯವರ ಚಡ್ಡಿಗಳು."

"ಹೌದಾ, ಮರೆತೇಬಿಟ್ಟೆ."

"ಚಿಕ್ಕಂದಿನಿಂದ ಎಷ್ಟು ಸಲ ಇಲ್ಲದ ಬಟ್ಟೆ ತರೋಕೆ ಹೋಗಿದೀನಮ್ಮ ನಾನು?"

ಸೊಲಾಂಜ್ ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು. ಮಗಳಿಗೆ ಗೊತ್ತಿಲ್ಲ ಎಂಬ ಒಂದು ಸಮಾಧಾನದ ಮೇಲೆ ಅಷ್ಟು ವರ್ಷ ತಳ್ಳಿದ್ದವಳಿಗೆ ಅವತ್ತು ಬಸ್ಸಿನಲ್ಲಿ ಕುಳಿತು ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಸೆಪ್ಟೆಂಬರಿನ ಮೂರನೆಯ ಭಾನುವಾರ ಉಪವಾಸದ ಹಬ್ಬ. ಹೆಸರಿಗಷ್ಟೇ ಉಪವಾಸ, ಎಲ್ಲರ ಮನೆಯಲ್ಲೂ ಆವತ್ತು ಪ್ಲಮ್ ಹಣ್ಣಿನ ಕಡುಬುರೊಟ್ಟಿ. ಜೆರ್ಮೇನ್ ಹಣ್ಣು ಬಿಡಿಸಿಕೊಟ್ಟಳು, ಸೊಲಾಂಜ್ ಹಿಟ್ಟು ನಾದಿದಳು. ಮಧ್ಯಾಹ್ನ ನಾಲ್ವರೂ ಕುಳಿತಾಗ ಕೊರಾಲಿ ಕರವಸ್ತ್ರದೊಳಗಿಂದ ಒಂದು ಖಾಲಿ ಚಿನ್ನದ ಕೇಸು ತೆಗೆದು ತಟ್ಟೆಯ ಪಕ್ಕ ಇಟ್ಟಳು. ಅದರಲ್ಲಿ ಯಂತ್ರವಿರಲಿಲ್ಲ, ಗಾಜಿರಲಿಲ್ಲ.

"ಹಳೇ ಕಟ್ಟಡದ ಒಂದು ಖಾನೆಯಲ್ಲಿ ಸಿಕ್ತು. ಅರವತ್ತಾರರ ಬೀಸ್. ಯಾರ ಕೈಗೂ ಕಟ್ಟಿಲ್ಲ. ನಾಲ್ಕು ಕೊಂಬೂ ಒಂದೇ ಸಮ ಇವೆ, ನೂರರಲ್ಲೊಂದು ಪಾಲೂ ಹೆಚ್ಚುಕಮ್ಮಿ ಇಲ್ಲ."

ಅರ್ಮಾಂ ಚಮಚ ಕೆಳಗಿಟ್ಟ. "ಯಾರಿಗೆ ತೋರಿಸಿದೆ?"

"ಇನ್ನೂ ಯಾರಿಗೂ ಇಲ್ಲ. ನಾಳೆ ಫ್ಲೋರಿಯಾಂಗೆ ತೋರಿಸ್ತೀನಿ. ಅರುನೂರು ಕೇಸು ಒತ್ತಿ ಆಗಿದೆ, ಮಿಕ್ಕದ್ದನ್ನಾದ್ರೂ ಸರಿ ಮಾಡಬಹುದು."

"ತೋರಿಸಲ್ಲ ನೀನು."

"ಯಾಕೆ? ತಾತನ ಗಡಿಯಾರಕ್ಕೆ ಏನಾಗಿತ್ತು, ಅದನ್ನ ಹೇಳು. ಹೇಳಿದ್ರೆ ತೋರಿಸಲ್ಲ."

"ನನ್ನ ಸಹಿ ಇದೆ ಅದರ ಮೇಲೆ. ನಲವತ್ತು ವರ್ಷ ಪಾಲಿಶ್ ಮಾಡಿದವನಿಗೆ ಪಾಲಿಶ್ ಆದ ಕೇಸು ಗುರುತು ಸಿಗಲಿಲ್ಲ ಅಂತ ಊರೆಲ್ಲ ನಗಬೇಕಾ? ಅದೂ ಸ್ವಂತ ಮಗಳ ಬಾಯಿಂದ?"

"ಗುರುತು ಸಿಗದೆ ಏನು? ನಿನಗೆ ಗೊತ್ತಿತ್ತು. ಗೊತ್ತಿದ್ದೂ ಸಹಿ ಹಾಕಿದೆ."

ಸೊಲಾಂಜ್ ಒಲೆಯ ಕಡೆ ತಿರುಗಿ ಕೆನೆ ಬಟ್ಟಲಿಗೆ ಸುರಿಯುತ್ತಿದ್ದಳು. ಬೆನ್ನ ಹಿಂದೆ ಪಟ್ಟಿ ಕುಣಿಕೆಯಿಂದ ಜಾರಿದ್ದು ಕೇಳಿಸಿತು. "ಕೊರಾಲಿ, ಹೋಗಿ..." ಎಂದಳು.

"ಇಲ್ಲಮ್ಮ. ಇವತ್ತು ಭಾನುವಾರ. ಯಾರ ಬಟ್ಟೆಯೂ ಇಲ್ಲ ಕೆಳಗೆ. ನಾನು ಹೋಗಲ್ಲ."

ಮುಳ್ಳು ಬಿಡಿಸಿದ್ದು ಕೇಳಿಸಿತು. ಸೊಲಾಂಜ್ ತಿರುಗುವಷ್ಟರಲ್ಲಿ ಅರ್ಮಾಂ ಗಡಿಯಾರವನ್ನು ಕರವಸ್ತ್ರದ ಮೇಲೆ ಮಲಗಿಸಿ ಆಗಿತ್ತು. ಎಡಗೈ ಬೀಸಿ ಮಗಳ ಬಾಯಿಗೆ ಕೊಟ್ಟ. ಕುರ್ಚಿಯ ಸಮೇತ ಅವಳು ಹಿಂದಕ್ಕೆ ಉರುಳಿ ಒಲೆಯ ಬಾಗಿಲಿಗೆ ತಲೆ ಹೊಡೆಸಿಕೊಂಡಳು. ಅವನು ಮೇಜು ಸುತ್ತಿ ಬಂದು ಅಂಗಿಯ ಕೊರಳುಪಟ್ಟಿ ಹಿಡಿದೆತ್ತಿ ಮತ್ತೊಂದು ಹೊಡೆದ, ಇನ್ನೊಂದು ಹೊಡೆದ. ತುಟಿ ಒಡೆದು ಗಲ್ಲದ ಮೇಲೆ ರಕ್ತ ಇಳಿಯಿತು. ಸೊಲಾಂಜ್ ಒಲೆಯ ಮೇಲಿದ್ದ ಕಬ್ಬಿಣದ ಬಾಣಲೆಯನ್ನು ಎರಡೂ ಕೈಯಲ್ಲಿ ಎತ್ತಿ ಅವನ ಭುಜಕ್ಕೆ ಬಡಿದಳು. ಅವನು ಕೂಗಿಕೊಂಡು ಮಗಳನ್ನು ಬಿಟ್ಟ. ಬಾಣಲೆ ಕಿತ್ತುಕೊಂಡು ಗೋಡೆಗೆ ಎಸೆದು, ಹೆಂಡತಿಯ ಹೊಟ್ಟೆಗೆ ಒದ್ದು, ಏದುಸಿರು ಬಿಡುತ್ತ ನಿಂತ.

"ಮಾತಾಡ್ತೀಯ ಇನ್ನು? ಮಾತಾಡ್ತೀಯ?"

ಅವನು ಖಾಲಿ ಕೇಸನ್ನು ಜೇಬಿಗೆ ಹಾಕಿಕೊಂಡ. ಗಡಿಯಾರವನ್ನು ಕೈಗೆ ಕಟ್ಟಿಕೊಂಡು, ತೋಳಿನಿಂದ ಅದರ ಗಾಜು ಒರೆಸಿ, ಕೋಟು ಹಾಕಿಕೊಂಡು ಹೊರಗೆ ಹೋದ.

ಅವತ್ತೇ ನಾನಿಲ್ಲ ಅಂದಿದ್ದವಳು ಅವತ್ತು ಹೋಗಲಿಲ್ಲ. ಹೇಳಲು ನನಗೂ ಸಂಕಟ. ಮಗಳ ತುಟಿಗೆ ಮಂಜುಗಡ್ಡೆ ಒತ್ತಿದಳು, ನೆಲ ಒರೆಸಿದಳು, ಮಾರನೆಯ ದಿನದ ಸೂಪಿಗೆ ಈರುಳ್ಳಿ ಹೆಚ್ಚಿದಳು. ಇಪ್ಪತ್ತೆರಡು ವರ್ಷ ತಾನು ಏಟು ತಿಂದು ಕೊಂಡದ್ದು ಒಂದೇ ಮಧ್ಯಾಹ್ನಕ್ಕೆ ಕೈಬಿಟ್ಟು ಹೋಗಿತ್ತು, ಅದು ಹೋಗಿದೆ ಎಂದು ಕೈಗಳಿಗೆ ಇನ್ನೂ ತಿಳಿದಿರಲಿಲ್ಲ.

ಕೊರಾಲಿ ಎರಡು ಪೆಟ್ಟಿಗೆ ಕಟ್ಟಿಕೊಂಡು ಗೆಳತಿಯ ಮನೆಗೆ ಹೋದಳು. ಹತ್ತು ದಿನ ಬಿಟ್ಟು ವೃದ್ಧಾಶ್ರಮದ ಹಿಂಬಾಗಿಲಲ್ಲಿ ಅಮ್ಮನಿಗೆ ಕಾದು ನಿಂತು ಒಂದು ಬೀಗದ ಕೈ ಕೊಟ್ಟಳು.

"ಪಕ್ಕದೂರು ಲ ಲೋಕ್ಲ್‌ನಲ್ಲಿ ಮನೆ ಹಿಡಿದಿದೀನಿ. ಮೂರು ಕೋಣೆ. ಅಜ್ಜಿಗೂ ಒಂದಿದೆ."

"ನಿಮ್ಮಪ್ಪ ಬಿಡ್ತಾನಾ? ಹುಡುಕಿಕೊಂಡು ಬಂದು ಬಾಗಿಲು ಒಡೀತಾನೆ."

"ಬರಲಿ. ಇಷ್ಟು ದಿನ ಒಬ್ಬಳೇ ತಿಂದಿದೀಯ, ಅಲ್ಲಿ ಮೂವರಿರ್ತೀವಿ."

"ಕಾರ್ಖಾನೆಯಲ್ಲಿ ಹೇಳಿದೆಯಾ?"

"ಇಲ್ಲ. ತುಟಿಗೆ ಏನಾಯ್ತು ಅಂತ ಕೇಳಿದ್ರು, ಬೀರು ಬಾಗಿಲು ತಾಗಿತು ಅಂದೆ. ನಿನ್ನಿಂದ ಕಲಿತದ್ದು." ಕೊರಾಲಿ ಅಮ್ಮನ ಮುಖವನ್ನೇ ನೋಡಿದಳು. "ನಾನು ಹೇಳೋದೋ ಬಿಡೋದೋ, ನೀನು ಬರೋದೋ ಬಿಡೋದೋ, ನೀನೇ ತೀರ್ಮಾನ ಮಾಡು. ನಾನು ಮತ್ತೆ ಕೇಳಲ್ಲ."

ಆ ದಿನಗಳಲ್ಲಿ ಅರ್ಮಾಂ ಬೆಣ್ಣೆಯಂತಾಗಿದ್ದ. ಪಾತ್ರೆ ತೊಳೆದ, ದ್ರಾಕ್ಷಿ ಹಾಕಿದ ಸಿಹಿ ಬ್ರೆಡ್ಡು ತಂದ, ತಾಯಿಯ ಉಣ್ಣೆಯ ಕಾಲುಚೀಲ ಒಣಗಿಸಿಕೊಟ್ಟ. ಏಟಾದ ಮೇಲೆ ಹೀಗೆ ಹತ್ತು ಹನ್ನೆರಡು ದಿನ ಇರುವುದು ಅವನ ಪದ್ಧತಿ. ಅಕ್ಟೋಬರ್ ಮೊದಲ ಶನಿವಾರ ಪಾಲಿಶ್ ವಿಭಾಗದವರ ತೊರ್ರೇ ಇತ್ತು. ವರ್ಷಕ್ಕೊಮ್ಮೆ ಬೆಟ್ಟದ ಹುಲ್ಲುಗಾವಲಿನಲ್ಲಿ ದೊಡ್ಡ ಬೆಂಕಿ ಹಾಕಿ, ಸಾಸೇಜುಗಳನ್ನು ಕೋಸಿನ ಎಲೆ, ಒದ್ದೆ ಪತ್ರಿಕೆಯಲ್ಲಿ ಸುತ್ತಿ ಬಿಸಿಬೂದಿಯಲ್ಲಿ ಹೂಳುವ ಊಟ. ಈ ಸಲ ಅಲ್ಲೇ ಅವನಿಗೆ ಒಂದನೇ ನಂಬರಿನ ಬೀಸ್ ಕೊಡುವವರಿದ್ದರು.

ಹಿಂದಿನ ದಿನ ಅತ್ತೆ ಸೊಸೆ ಕೋಸಿನ ಎಲೆ ಬಿಡಿಸುತ್ತ ಕುಳಿತಿದ್ದರು. ಜೆರ್ಮೇನ್‌ಳ ಎಡಗಣ್ಣಿನ ಕೆಳಗೆ ಬೆರಳುದ್ದದ ಒಂದು ಹಳೆಯ ಗಾಯದ ಗುರುತಿತ್ತು. ಹೆಪ್ಪುಗಟ್ಟಿದ ಮೆಟ್ಟಿಲಿನ ಮೇಲೆ ಜಾರಿದ್ದು ಎಂದು ಮನೆಯಲ್ಲಿ ಹೇಳಿಕೆ.

"ಅತ್ತೆ, ಅದು ಮೆಟ್ಟಿಲಲ್ಲ ಅಲ್ವಾ?"

ಮುದುಕಿ ಮೂರು ಎಲೆ ಬಿಡಿಸಿದಳು. "ಎಪ್ಪತ್ತೊಂಬತ್ತರ ಫೆಬ್ರವರಿ. ಸೂಪಿಗೆ ಉಪ್ಪು ಜಾಸ್ತಿಯಾಗಿತ್ತು. ನಿನ್ನ ಮಾವನ ಗಡಿಯಾರದ ಕೊಂಬು ಇಲ್ಲಿಂದ ಇಲ್ಲಿತನಕ ಸೀಳಿಕೊಂಡು ಹೋಗಿ, ಕೈ ಒಲೆಯ ಕಬ್ಬಿಣದ ಸರಳಿಗೆ ಬಡೀತು. ಚಿನ್ನ ಮೆತ್ತಗೆ ನೋಡು. ಕೊಂಬು ಜಜ್ಜಿಹೋಯ್ತು."

"ಆ ಎಡಗೊಂಬು."

"ಅದೇ. ಆ ಗಡಿಯಾರ ಕೊಡಿಸಿದವಳೂ ನಾನೇ. ಮದುವೆಗೆ. ಮುಳ್ಳು ಕೂರಿಸಿ ಕೂರಿಸಿ ಏಳು ತಿಂಗಳ ಸಂಬಳ ಕೂಡಿಟ್ಟಿದ್ದೆ." ಅವಳು ಎಲೆಯ ದಪ್ಪ ನರವನ್ನು ಚಾಕುವಿನಿಂದ ತೆಗೆದಳು. "ಅಲ್ಸೀದ್‌ಗೆ ಎದೆ ಒಡೆದ ಹಾಗಾಯ್ತು. ನನ್ನ ಕೆನ್ನೆಗಲ್ಲ, ಕೊಂಬಿಗೆ. ಅರ್ಮಾಂಗೆ ಆಗ ಹನ್ನೊಂದು. ಅವನನ್ನ ಕಿಟಕಿ ಹತ್ತಿರ ಸ್ಟೂಲಿನ ಮೇಲೆ ಕೂರಿಸಿ, ಅರ ಕೊಟ್ಟು, 'ಗುರುತು ಉಳೀಬಾರದು, ನೋಡೋಣ ನಿನ್ನ ಕೈ' ಅಂದ. ಮೂರು ಮಧ್ಯಾಹ್ನ ಉಜ್ಜಿದ ಪಾಪ, ಅಳ್ತಾ ಅಳ್ತಾ. ಗಡಿಯಾರದ ಮೇಲೆ ಗುರುತು ಉಳೀಲಿಲ್ಲ. ಅಪ್ಪ ಬೆನ್ನು ತಟ್ಟಿ ಹೇಳಿದ, 'ನೀನು ನನ್ನ ಹಾಗೆ ದಡ್ಡ ಆಗಬೇಡ ಮಗ, ಮೊದಲು ಬಿಚ್ಚಿಡು' ಅಂತ."

ಸೊಲಾಂಜ್‌ಳ ಕೈಯಲ್ಲಿ ಎಲೆ ಹಾಗೆಯೇ ನಿಂತಿತು.

"ಅಷ್ಟೇನಾ ಅವನು ಕಲಿತದ್ದು?"

"ಅಷ್ಟೇ. ಚೆನ್ನಾಗಿ ಕಲಿತ."

"ನೀವು ಯಾವತ್ತೂ ಒಂದು ಮಾತು ಆಡಲಿಲ್ಲ ಅತ್ತೆ. ನನ್ನನ್ನ ಹೊಡೆಯುವಾಗಲೂ ಆಡಲಿಲ್ಲ."

"ಆಡಲಿಲ್ಲ," ಅಂದಳು ಮುದುಕಿ. "ಏಟು ನಿನ್ನ ಮೇಲೆ ಬೀಳ್ತಿದ್ರೆ ನನ್ನ ಮೇಲೆ ಬೀಳಲ್ಲ ಅಂತ ಸುಮ್ಮನಿದ್ದೆ. ಬೇರೆ ಏನಾದ್ರೂ ಹೇಳಿದ್ರೆ ಸುಳ್ಳಾಗತ್ತೆ."

ಸೊಲಾಂಜ್‌ಗೆ ಸಿಟ್ಟು ಬರಬೇಕಿತ್ತು, ಬಂದದ್ದು ಅಳು. ಇಬ್ಬರೂ ಉಳಿದ ಎಲೆಗಳನ್ನು ಬಿಡಿಸಿ ಮುಗಿಸಿದರು.

ಶನಿವಾರ ಬಿಸಿಲಿತ್ತು. ಮೂವತ್ತು ನಲವತ್ತು ಜನ ಬೆಂಕಿಯ ಸುತ್ತ ಸೇರಿದ್ದರು, ಬೂದಿಯಿಂದ ತೆಗೆದ ಸಾಸೇಜುಗಳು ತಟ್ಟೆಗಳಲ್ಲಿ ಹಬೆಯಾಡುತ್ತಿದ್ದವು. ಕೊರಾಲಿಯೂ ಬಂದಿದ್ದಳು, ಅಮ್ಮನ ಪಕ್ಕ ನಿಂತಿದ್ದಳು. ತುಟಿಯ ಮೇಲೆ ಇನ್ನೂ ಕಪ್ಪುಗೆರೆ ಇತ್ತು. ಫ್ಲೋರಿಯಾಂ, ಕುತ್ತಿಗೆಗೆ ಶಾಲು ಸುತ್ತಿಕೊಂಡ ಮೂವತ್ತರ ಹುಡುಗ, ಒಂದು ಮರದ ದಿಮ್ಮಿ ಹತ್ತಿದ. ಅರ್ಮಾಂ ಹಳೆಯದನ್ನು ಬಿಚ್ಚಿ ಜೇಬಿಗಿಟ್ಟು ಹೊಸದನ್ನು ಕಟ್ಟಿಕೊಂಡ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಈ ಎಡಗೊಂಬನ್ನ ನೋಡಿ," ಫ್ಲೋರಿಯಾಂ ಅರ್ಮಾಂನ ಕೈ ಎತ್ತಿ ಹಿಡಿದ. "ಅರವತ್ತು ವರ್ಷದ ಹಿಂದೆ ಯಾರೋ ಒಬ್ಬ ಮಹಾ ಕಸುಬುದಾರ ಇದನ್ನ ಇಷ್ಟೇ ಇಷ್ಟು ಬಾಗಿಸಿದ. ಗಾಳಿ ಸವರಿಕೊಂಡು ಹೋದ ಹಾಗೆ. ನಾವು ಅದನ್ನ ಒಂದು ಕೂದಲೂ ಬದಲಾಯಿಸದೆ ಇಳಿಸಿದೀವಿ. ಅರುನೂರು ಗಡಿಯಾರದಲ್ಲೂ ಇದೇ ಗಾಳಿ."

ಮಡಿಚುವ ಕುರ್ಚಿಯಲ್ಲಿ ಕುಳಿತಿದ್ದ ಜೆರ್ಮೇನ್ ಕೋಲು ಊರಿ ಎದ್ದಳು.

"ಗಾಳಿಯಲ್ಲ ಸ್ವಾಮಿ," ಅಂದಳು. "ಅದು ನಮ್ಮ ಅಡುಗೆಮನೆ ಒಲೆ. ಮಧ್ಯೆ ನನ್ನ ಕೆನ್ನೆ ಇತ್ತು."

ಒಂದಿಬ್ಬರು ನಕ್ಕರು, ಮುದುಕಿ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು. ಅವಳು ಮಗನ ಹತ್ತಿರ ನಡೆದುಹೋಗಿ ಅವನ ಮಣಿಕಟ್ಟು ಹಿಡಿದು, ಹೊಸ ಗಡಿಯಾರದ ಎಡಗೊಂಬನ್ನು ತನ್ನ ಕಣ್ಣಿನ ಕೆಳಗಿನ ಗುರುತಿನ ತುದಿಗೆ ತಂದು ಇಟ್ಟಳು. ಅಲ್ಲಿಂದ ಕೆಳಕ್ಕೆ ಒಮ್ಮೆ ನಿಧಾನವಾಗಿ ಎಳೆದಳು. ನಕ್ಕವರು ಸುಮ್ಮನಾದರು. ಅಲ್ಲಿದ್ದವರೆಲ್ಲ ಅಳತೆಯ ಜನ, ಎರಡು ಗೆರೆ ಕೂಡುತ್ತವೋ ಇಲ್ಲವೋ ನೋಡಿದರೆ ತಿಳಿಯುವವರು.

"ಅಮ್ಮನಿಗೆ ವಯಸ್ಸಾಯ್ತು," ಅರ್ಮಾಂ ಕೈ ಬಿಡಿಸಿಕೊಂಡ. ಮುಖ ಬಿಳಿಚಿತ್ತು. ಹೆಂಡತಿಯ ಕಡೆ ತಿರುಗಿದ. "ಯಾರು ಹೇಳಿಕೊಟ್ಟಿದ್ದು ಇದನ್ನ? ನೀನಾ? ನೀನಾ ಹೇಳಿಕೊಟ್ಟಿದ್ದು?"

ಅವನ ಬಲಗೈ ತಾನಾಗಿ ಎಡ ಮಣಿಕಟ್ಟಿಗೆ ಹೋಯಿತು. ಟಕ್ ಎಂದಿತು. ಅರ್ಧ ಸೆಕೆಂಡಿನಲ್ಲಿ ಗಡಿಯಾರ ಬಲ ಅಂಗೈಯಲ್ಲಿತ್ತು. ಸೊಲಾಂಜ್ ಅಭ್ಯಾಸದಂತೆ ಮಗಳನ್ನು ಎಲ್ಲಿಗಾದರೂ ಕಳಿಸಲು ಬಾಯಿ ತೆರೆದಳು. ಕಳಿಸಲು ಎಲ್ಲಿಯೂ ಇರಲಿಲ್ಲ, ಸುತ್ತ ಹುಲ್ಲುಗಾವಲು. ಅವಳು ಬಾಯಿ ಮುಚ್ಚಿಕೊಂಡು ಅಲ್ಲೇ ನಿಂತಳು.

ಅರ್ಮಾಂನ ಪಕ್ಕದ ಯಂತ್ರದಲ್ಲಿ ಹದಿನೈದು ವರ್ಷದಿಂದ ಕೆಲಸ ಮಾಡುತ್ತಿದ್ದ ಪೋರ್ಚುಗಲ್‌ನ ಆದೆಲಿನೊ ಏನೂ ಅರ್ಥವಾಗದೆ ಕೇಳಿದ, "ಯಾಕಪ್ಪ ಬಿಚ್ತೀಯ? ಕಟ್ಟಿಕೊಂಡು ಐದು ನಿಮಿಷ ಆಗಿಲ್ಲ."

"ನಾನು ಹೇಳ್ತೀನಿ," ಅಂದಳು ಸೊಲಾಂಜ್. ದನಿ ಎಲ್ಲರಿಗೂ ಕೇಳುವಷ್ಟಿತ್ತು. "ಹೊಡೆಯೋಕೆ ಬಿಚ್ಚಿದಾನೆ. ಗಡಿಯಾರಕ್ಕೆ ಗೀರಾಗಬಾರದು ನೋಡಿ. ಇಪ್ಪತ್ತೇಳು ವರ್ಷದಿಂದ ಹೀಗೇ, ಮೊದಲು ಬಿಚ್ಚಿಟ್ಟು ಆಮೇಲೆ ಹೊಡೀತಾನೆ. ಹೋದ ತಿಂಗಳು ಇವಳನ್ನೂ ಹೊಡೆದ. ಇವಳ ತುಟಿಗೆ ತಾಗಿದ್ದು ಬೀರು ಬಾಗಿಲಲ್ಲ."

ಬೆಂಕಿಯಲ್ಲಿ ಒಂದು ಕೊರಡು ಸಿಡಿಯಿತು. ಅರ್ಮಾಂನ ಎಡಗೈ ಅರ್ಧ ಮೇಲೆದ್ದು, ಹಾಗೆಯೇ ಕೆಳಗಿಳಿಯಿತು.

"ಸುಳ್ಳು," ಅಂದ. "ಬಿಗಿಯಾಗಿತ್ತು, ಅದಕ್ಕೆ ಬಿಚ್ಚಿದೆ."

ಫ್ಲೋರಿಯಾಂ ದಿಮ್ಮಿಯಿಂದ ಇಳಿದು ಕೊರಾಲಿಯ ತುಟಿಯನ್ನು ನೋಡಿ, ಕೂಡಲೇ ಕಣ್ಣು ತಗ್ಗಿಸಿದ. ಸೊಲಾಂಜ್ ಬುಟ್ಟಿಯಿಂದ ಕಾರಿನ ಕೀ ಹುಡುಕಿ ತೆಗೆದಳು. ಅದರ ಜೊತೆಗೇ ಲ ಲೋಕ್ಲ್‌ನ ಬೀಗದ ಕೈ ಕಟ್ಟಿತ್ತು. ಆ ಬೆಳಿಗ್ಗೆ ಹೊರಡುವಾಗ ಯಾಕೆಂದು ತಿಳಿಯದೆಯೇ ಅವಳೇ ಕಟ್ಟಿಕೊಂಡಿದ್ದಳು. ಕೊರಾಲಿ ಅಜ್ಜಿಯ ತೋಳು ಹಿಡಿದಳು.

"ನನ್ನ ತಟ್ಟೆ ತಗೊಳ್ಳೆ," ಅಂದಳು ಜೆರ್ಮೇನ್. "ಸಾಸೇಜು ಇನ್ನೂ ಬಿಸಿ ಇದೆ, ಯಾಕೆ ಬಿಡೋದು."

ಮೂವರೂ ಇಳಿಜಾರಿನಲ್ಲಿ ಕಾರಿನ ಕಡೆ ನಡೆದರು. ಮುದುಕಿಯ ಹೆಜ್ಜೆಗೆ ಹೊಂದಿಕೊಂಡು ಹೋಗಬೇಕಾದ್ದರಿಂದ ಅವಸರ ಮಾಡುವಂತಿರಲಿಲ್ಲ. ಸೊಲಾಂಜ್ ಒಂದು ಸಲ ಮಾತ್ರ ತಿರುಗಿ ನೋಡಿದಳು. ಅರ್ಮಾಂ ಒಂದನೇ ನಂಬರಿನ ಗಡಿಯಾರವನ್ನು ಅಂಗೈಯಲ್ಲಿ ಹಿಡಿದು, ಅದನ್ನು ಇಡಲು ಒಂದು ಮೆತ್ತಗಿನ ಜಾಗ ಹುಡುಕುತ್ತಿದ್ದ. ಸುತ್ತ ಬೂದಿ, ಕಲ್ಲು, ಎಣ್ಣೆ ಮೆತ್ತಿದ ಪತ್ರಿಕೆ. ಅವನು ಅದನ್ನು ಆದೆಲಿನೊನ ಕಡೆ ಚಾಚಿದ. ಆದೆಲಿನೊ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅರ್ಮಾಂ ಪಕ್ಕದವನ ಕಡೆ ಚಾಚಿದ, ಅವನ ಪಕ್ಕದವನ ಕಡೆಯೂ ಚಾಚಿದ. ಯಾರೂ ಕೈ ನೀಡಲಿಲ್ಲ.